ಮಡಿಚುಬಾಗಿಲು ಮತ್ತು ಜಾರುಬಾಗಿಲು: ತೋಟಕ್ಕೆ ತೆರೆದ ಕೋಣೆಯ ಚರಿತ್ರೆ

ಇಂಗ್ಲೆಂಡಿನ ನಗರಗಳಲ್ಲಿ ವಾಸದ ಮನೆಯ ಹಿಂಬದಿಗೆ ಒಂದು ಕೋಣೆಯನ್ನು ಕೂಡಿಸಿ, ಅದರ ತೋಟದ ಕಡೆಯ ಗೋಡೆಯನ್ನು ಗಾಜಿನದಾಗಿ ಮಾಡುವ ಪದ್ಧತಿ ಇಪ್ಪತ್ತೊಂದನೆಯ ಶತಮಾನದಲ್ಲಿ ವ್ಯಾಪಕವಾಗಿ ಬೆಳೆದಿದೆ. ೨೦೦೮ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮಗಳು, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಒಂಟಿಮನೆಗೆ ೪ ಮೀಟರು, ಇತರ ಮನೆಗಳಿಗೆ ೩ ಮೀಟರು ಆಳದ ಒಂದಂತಸ್ತಿನ ವಿಸ್ತರಣವನ್ನು ಪ್ರತ್ಯೇಕ ಅರ್ಜಿಯಿಲ್ಲದೆ ಕಟ್ಟಲು ಅವಕಾಶವಿತ್ತವು. ಹೀಗೆ ಕಟ್ಟಹೊರಟ ಗೃಹಸ್ಥನಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಗಾಜಿನ ಕದಗಳು ಒಂದರ ಮೇಲೊಂದು ಮಡಿಚಿಕೊಂಡು ಪಕ್ಕಕ್ಕೆ ಸೇರಬೇಕೆ, ಇಲ್ಲವೆ ಕಂಬಿಯ ಮೇಲೆ ಒಂದರ ಹಿಂದೊಂದು ಸರಿಯಬೇಕೆ? ಇದು ಕೇವಲ ಅಭಿರುಚಿಯ ಮಾತೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಈ ಎರಡು ಬಗೆಯ ಬಾಗಿಲುಗಳ ಹಿಂದೆ ಎರಡು ಬೇರೆ ಪರಂಪರೆಗಳಿವೆ. ಅವನ್ನು ಪರಿಶೀಲಿಸಿದರೆ ಆಯ್ಕೆಗೆ ಬೇಕಾದ ತತ್ತ್ವವೂ ದೊರೆಯುತ್ತದೆ.

ಮಡಿಚುವ ಕದಗಳ ಪರಂಪರೆ ಯೂರೋಪಿನಲ್ಲಿ ಬಹು ಪ್ರಾಚೀನವಾದುದು. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ವಾಸ್ತುಕಾರ ವಿಟ್ರೂವಿಯಸ್ ತನ್ನ ಗ್ರಂಥದ ಆರನೆಯ ಭಾಗದಲ್ಲಿ, ಗ್ರೀಕರು ಸಿಜಿಕಸ್ ನಗರದ ಹೆಸರಿನಿಂದ ಕರೆಯುತ್ತಿದ್ದ ಒಂದು ಬಗೆಯ ಶಾಲೆಯನ್ನು ವರ್ಣಿಸಿದ್ದಾನೆ. ಅದು ಉತ್ತರಾಭಿಮುಖವಾಗಿ ಹಸುರಿನ ಕಡೆಗೆ ತೆರೆದಿರಬೇಕು. ನಡುವೆ ಕದಗಳುಳ್ಳ ಬಾಗಿಲು, ಎಡಬಲಗಳಲ್ಲಿ ಬಾಗಿಲಿನಂತೆಯೇ ತೆರೆಯುವ ಕಿಟಕಿಗಳಿರಬೇಕು. ಒಳಗಿರುವವರಿಗೆ ಅಲ್ಲಿಂದಲೇ ತೋಟ ಕಾಣಬೇಕು. ಕ್ರಿ. ಶ. ೭೯ರಲ್ಲಿ ವಿಸೂವಿಯಸ್ ಜ್ವಾಲಾಮುಖಿಯಿಂದ ಹೂತುಹೋದ ಹರ್ಕ್ಯುಲೇನಿಯಮ್ ಪಟ್ಟಣದ ಒಂದು ಮನೆಯಲ್ಲಿ, ನಡುಮನೆಗೂ ಅದರ ಹಿಂದಿನ ಕೋಣೆಗೂ ಮಧ್ಯೆ ನಿಲ್ಲಿಸಿದ್ದ ಮರದ ಕದಗಳ ತಡಿಕೆ ಕರಿಮರವಾಗಿ ಇಂದಿಗೂ ಉಳಿದಿದೆ. ಅದೇ ರೀತಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಲಂಡನ್ ಮನೆಗಳಲ್ಲಿಯೂ ಮುಂದಿನ ಮತ್ತು ಹಿಂದಿನ ಕೋಣೆಗಳ ನಡುವೆ ಇಂಥ ಕದಗಳಿರುತ್ತಿದ್ದವು. ಅತಿಥಿಗಳು ನೆರೆದಾಗ ಅವನ್ನು ತೆರೆದರೆ ಎರಡು ಕೋಣೆಗಳು ಒಂದಾಗುತ್ತಿದ್ದವು. ಈ ನಿದರ್ಶನಗಳಿಂದ ಒಂದು ಅಂಶ ವಿದಿತವಾಗುತ್ತದೆ: ಮಡಿಚುವ ಕದದ ಸಾರ್ಥಕ್ಯವೆಲ್ಲ ಅದು ತೆರೆದಿರುವಾಗ. ಮುಚ್ಚಿದ ಮರದ ಕದದ ಮೂಲಕ ಏನಾದರೂ ಕಾಣಬೇಕೆಂದು ಯಾರೂ ಅಪೇಕ್ಷಿಸಲಿಲ್ಲ.

ಸರಿಯುವ ಕದದ ಪರಂಪರೆಯನ್ನು ಜಪಾನಿನಲ್ಲಿ ಅತ್ಯಂತ ಪರಿಷ್ಕೃತ ರೂಪದಲ್ಲಿ ನೋಡಬಹುದು. ಕ್ಯೋಟೋ ನಗರದಲ್ಲಿರುವ ಹದಿನೇಳನೆಯ ಶತಮಾನದ ಕತ್ಸುರಾ ಅರಮನೆಯಂಥ ಕಟ್ಟಡಗಳಲ್ಲಿ, ತೆಳುವಾದ ಮರದ ಜಾಲರಿಗೆ ಕಾಗದವನ್ನು ಅಂಟಿಸಿದ ‘ಷೋಜಿ’ಗಳು ಕೆಳಗೂ ಮೇಲೂ ಕೊರೆದ ತೋಡುಗಳಲ್ಲಿ ಸರಿಯುತ್ತವೆ. ಎರಡು ತೋಡುಗಳಲ್ಲಿ ಎರಡು ಕದಗಳು ನಡೆದರೆ ಏಕಕಾಲಕ್ಕೆ ಅರ್ಧ ಭಾಗ ಮಾತ್ರ ತೆರೆಯುತ್ತದೆ. ಪೂರ್ತಿ ತೆರವು ಬೇಕಾದಾಗ ಹಗುರವಾದ ಕದವನ್ನು ತೋಡಿನಿಂದ ಎತ್ತಿ ತೆಗೆದಿಡುವುದುಂಟು. ಮುಚ್ಚಿದಾಗಲೂ ಷೋಜಿ ಕೋಣೆಗೆ ಮೃದುವಾದ ಬೆಳಕನ್ನು ಬಿಡುತ್ತದೆ. ಎಂದರೆ, ಇಲ್ಲಿ ಮುಚ್ಚಿದ ಬಾಗಿಲೂ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಆಧುನಿಕ ಯುಗದಲ್ಲಿ ಕಾಗದ ಮತ್ತು ಮರದ ಸ್ಥಾನವನ್ನು ಗಾಜು ಆಕ್ರಮಿಸಿತು. ಮೀಸ್ ವಾನ್ ಡರ್ ರೋಹೆ ಬ್ರ್ನೋ ನಗರದಲ್ಲಿ ರಚಿಸಿ ೧೯೩೦ರಲ್ಲಿ ಪೂರ್ಣಗೊಂಡ ಟೂಗೆಂಡಾಟ್ ಗೃಹದಲ್ಲಿ, ತೋಟದ ಕಡೆಯ ಎರಡು ಬೃಹತ್ ಗಾಜುಗಳು ವಿದ್ಯುತ್ತಿನ ನೆರವಿನಿಂದ ನೆಲದೊಳಕ್ಕೆ ಇಳಿಯುವಂತೆ ಏರ್ಪಡಿಸಲಾಯಿತು. ಇದು ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಪರಿಹಾರ. ಎರಡನೆಯ ಮಹಾಯುದ್ಧಾನಂತರ ಕ್ಯಾಲಿಫೋರ್ನಿಯಾದಲ್ಲಿ ಜೋಸೆಫ್ ಐಕ್ಲರ್ ಕಟ್ಟಿಸಿದಂಥ ಬಡಾವಣೆಗಳು ಜಾರುವ ಗಾಜಿನ ಬಾಗಿಲನ್ನು ಮಧ್ಯಮವರ್ಗದ ಮನೆಗೆ ತಂದವು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆಯಾಗಿಸುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆ ೧೯೫೯ರಲ್ಲಿ ಪ್ರಕಟಪಡಿಸಿತು. ಅದರಿಂದಾಗಿ, ಎರಡು ಮುಖಗಳನ್ನೂ ಉಜ್ಜಿ ನಯಗೊಳಿಸುವ ಶ್ರಮವಿಲ್ಲದೆಯೇ ದೊಡ್ಡ, ನಿರ್ದುಷ್ಟ ಹಾಳೆಗಳು ದೊರೆಯತೊಡಗಿದವು. ಆದರೆ ಕಾಣದ ಗಾಜು ಅಪಾಯಕಾರಿಯೂ ಹೌದು. ಜಾರುಬಾಗಿಲುಗಳಿಗೆ ಸುರಕ್ಷಿತ ಗಾಜನ್ನೇ ಬಳಸಬೇಕೆಂಬ ನಿಯಮ ಅಮೆರಿಕದಲ್ಲಿ ೧೯೭೭ರಲ್ಲಿ ಜಾರಿಗೆ ಬಂದಿತು.

ಇನ್ನು ಎರಡು ಬಾಗಿಲುಗಳ ಗುಣದೋಷಗಳನ್ನು ಲೆಕ್ಕ ಹಾಕಿ ನೋಡೋಣ. ೪ ಮೀಟರು ಅಗಲದ ತೆರವಿಗೆ ಐದು ಮಡಿಚುಕದಗಳನ್ನು ಜೋಡಿಸಿದರೆ ಒಂದೊಂದೂ ಸುಮಾರು ೮೦ ಸೆಂಟಿಮೀಟರು ಅಗಲವಿರುತ್ತದೆ. ಮಡಿಚಿದಾಗ ಒಂದು ಪಕ್ಕದ ಕಿರಿದಾದ ಕಟ್ಟನ್ನು ಬಿಟ್ಟರೆ ಉಳಿದುದೆಲ್ಲ ತೆರವು. ಆದರೆ ಮುಚ್ಚಿದಾಗ ನಾಲ್ಕು ಕೂಡುಗೆರೆಗಳಲ್ಲಿ ಜೋಡಿ ಚೌಕಟ್ಟುಗಳು ನಿಂತು ತೋಟದ ನೋಟವನ್ನು ಹೋಳುಮಾಡುತ್ತವೆ. ಕೂಡುಗೆರೆ ಹೆಚ್ಚಿದಷ್ಟೂ ಗಾಳಿ ನುಸುಳುವ ಎಡೆಯೂ, ಸರಿಪಡಿಸಬೇಕಾದ ಕೀಲುಗಳೂ ಹೆಚ್ಚುತ್ತವೆ. ಅದೇ ತೆರವಿಗೆ ಎರಡು ಜಾರುಕದಗಳಾದರೆ ಕೂಡುಗೆರೆ ಒಂದೇ. ಆದರೆ ತೆರೆಯುವುದು ಅರ್ಧ ಮಾತ್ರ. ಮೂರು ಕಂಬಿಗಳ ಮೇಲೆ ಮೂರು ಕದಗಳನ್ನಿಟ್ಟರೆ ಮೂರರಲ್ಲಿ ಎರಡು ಪಾಲು ತೆರೆಯುತ್ತದೆ. ಗಾಜಿನ ಭಾರವೂ ಇಲ್ಲಿ ಗಣನೀಯ. ೬ ಮಿಲಿಮೀಟರು ದಪ್ಪದ ಎರಡು ಹಾಳೆಗಳ ಗಾಜು ಚದರ ಮೀಟರಿಗೆ ೩೦ ಕಿಲೋಗ್ರಾಂ ತೂಗುತ್ತದೆ. ೨ ಮೀಟರು ಅಗಲ, ೨.೧ ಮೀಟರು ಎತ್ತರದ ಕದದಲ್ಲಿ ಗಾಜಿನ ತೂಕವೇ ಸುಮಾರು ೧೨೬ ಕಿಲೋಗ್ರಾಂ. ಇಷ್ಟು ಭಾರವನ್ನು ಕೀಲುಗಳಿಂದ ತೂಗಿಸುವುದಕ್ಕಿಂತ ಕೆಳಗಿನ ಕಂಬಿಯ ಮೇಲೆ ಉರುಳಿಸುವುದು ಸುಲಭ. ವಿಶಾಲವಾದ ಗಾಜಿಗೆ ಜಾರುಬಾಗಿಲೇ ಒಗ್ಗುವುದಕ್ಕೆ ಇದು ಮುಖ್ಯ ಕಾರಣ.

ಹೀಗಿರಲು ನಿರ್ಣಯವೇನು? ಮಾರಾಟದ ಚಿತ್ರಗಳಲ್ಲಿ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. ಇಂಗ್ಲೆಂಡಿನ ಚಳಿಮಳೆಗಳಲ್ಲಾದರೋ ವರ್ಷದ ಬಹುಭಾಗ ಅದು ಮುಚ್ಚಿರುತ್ತದೆ. ವಿಟ್ರೂವಿಯಸ್ ವರ್ಣಿಸಿದ ತೆರೆದ ಶಾಲೆ ಬೆಚ್ಚನೆಯ ನಾಡಿಗೆ ಹೊಂದುವಂಥದು. ಲಂಡನ್ನಿನ ಮಡಿಚುಕದ ಮನೆಯ ಒಳಗಣ ಗೋಡೆಯಲ್ಲಿದ್ದುದರಿಂದ ಗಾಳಿಮಳೆಗಳ ಬಾಧೆ ಅದಕ್ಕಿರಲಿಲ್ಲ. ಅದೇ ಕದ ಹೊರಗೋಡೆಗೆ ಬಂದಾಗ ಅದರ ಮೇಲೆ ಹೊಸ ಹೊಣೆ ಬಿತ್ತು. ತೆರೆದಿದ್ದರೆ ಸಾಲದು, ಮುಚ್ಚಿದಾಗ ಬೆಳಕನ್ನು ಬಿಟ್ಟು ಶಾಖವನ್ನು ಕಾಯಬೇಕು. ಆದುದರಿಂದ ಊಟದ ಕೋಣೆ ಮತ್ತು ಅಂಗಳ ಒಂದಾಗಲೇಬೇಕಾದ, ಬೇಸಗೆ ದೀರ್ಘವಾದ ಎಡೆಗಳಲ್ಲಿ ಅಥವಾ ಅರ್ಧ ತೆರವು ನಡೆದಾಟಕ್ಕೆ ಸಾಲದಷ್ಟು ಕಿರಿದಾದ ಗೋಡೆಯಲ್ಲಿ ಮಡಿಚುಬಾಗಿಲು ಉಚಿತ. ಕಿಟಕಿಯೊಳಗಿಂದ ತೋಟವನ್ನು ನೋಡುತ್ತ ತಿಂಗಳುಗಟ್ಟಲೆ ಕಳೆಯಬೇಕಾದ ನಾಡಿನಲ್ಲಿ, ಅಗಲವಾದ ಗೋಡೆಗೆ ಜಾರುಬಾಗಿಲೇ ಲೇಸು. ತೆರೆದ ಬಾಗಿಲನ್ನು ಕಂಡು ಮನಸೋಲುವುದು ಸಹಜ; ಆದರೆ ಬಾಗಿಲನ್ನು ಆರಿಸುವವನು ಮೊದಲು ಎಣಿಸಬೇಕಾದುದು ಅದು ಮುಚ್ಚಿರುವ ದಿನಗಳನ್ನು.