ಒಡೆದ ತೊಟ್ಟಿಗಳೂ ಜೀವಜಲದ ಬುಗ್ಗೆಯೂ

ಚಿಂತಾಮಣಿಯೆಂಬುದು ಬೇಡಿದ್ದನ್ನು ನೀಡುವ ರತ್ನದ ಹೆಸರು. ನಮ್ಮ ಪಟ್ಟಣಕ್ಕೆ ಆ ಹೆಸರು ಮರಾಠ ನಾಯಕ ಚಿಂತಾಮಣಿರಾಯನಿಂದ ಬಂದಿತೆಂದು ಗೆಜೆಟಿಯರು ತಿಳಿಸುತ್ತದೆ. ಈ ಸೀಮೆಯ ಜನರು ತಲೆತಲಾಂತರದಿಂದ ಬೇಡುತ್ತ ಬಂದುದಾದರೋ ನೀರನ್ನು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನಲ್ಲಿ ಪೂರ್ವಿಕರು ಒಂದರ ಕೋಡಿ ಇನ್ನೊಂದನ್ನು ತುಂಬುವಂತೆ ಸಾಲುಕೆರೆಗಳನ್ನು ಕಟ್ಟಿದರು. ಆದಕಾರಣ ಪ್ರವಾದಿ ಯೆರೆಮೀಯನ ದೂರು ನಮ್ಮ ಮನಸ್ಸಿಗೆ ಬೇಗ ನಾಟಬೇಕು. ಜೀವಜಲದ ಬುಗ್ಗೆಯಾದ ಸರ್ವೇಶ್ವರನನ್ನು ತೊರೆದು, ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡರೆಂದು ಆತನು ತನ್ನ ಜನರನ್ನೇ ಆಕ್ಷೇಪಿಸಿದನು.

ಅನ್ಯರ ವಿಗ್ರಹಗಳನ್ನು ಪ್ರವಾದಿಗಳು ಹಳಿದದ್ದುಂಟು. ಆದರೆ ಅವರ ಅತಿ ಕಠೋರವಾದ ನುಡಿಗಳು ಸ್ವಜನರಿಗೇ ಮೀಸಲಾಗಿದ್ದವು. ದೇವರು ಕೊಟ್ಟ ಒಳ್ಳೆಯ ವಸ್ತುವೇ ದೇವರ ಸ್ಥಾನವನ್ನು ಆಕ್ರಮಿಸಬಲ್ಲುದೆಂದು ಅವರ ಕಾಲದ ಇತಿಹಾಸ ತೋರಿಸುತ್ತದೆ. ಮೋಶೆಯು ದೇವಾಜ್ಞೆಯಂತೆ ಮಾಡಿದ ಕಂಚಿನ ಸರ್ಪಕ್ಕೆ ಜನರು ಧೂಪಹಾಕತೊಡಗಿದಾಗ ಅರಸ ಹಿಜ್ಕೀಯನು ಅದನ್ನು ಒಡೆದುಹಾಕಿದನು. ಇದೇ ಅರಸನ ಕಾಲದಲ್ಲಿ, ಕ್ರಿ.ಪೂ. 701ರಲ್ಲಿ, ಅಸ್ಸೀರಿಯದ ಸೇನೆ ಜೆರುಸಲೇಮಿಗೆ ಮುತ್ತಿಗೆ ಹಾಕಿತು. ನಗರಕ್ಕೆ ನೀರು ತರಲು ಸುಮಾರು 533 ಮೀಟರು ಉದ್ದದ ಸುರಂಗವನ್ನು ಬಂಡೆಯಲ್ಲಿ ಎರಡೂ ತುದಿಗಳಿಂದ ಕೊರೆಯಲಾಯಿತು. ಅದರ ಶಿಲಾಲೇಖ 1880ರಲ್ಲಿ ದೊರೆಯಿತು. ಜಲಾಶಯ ಕಟ್ಟಿದ್ದು ತಪ್ಪೆಂದು ಯೆಶಾಯನು ಹೇಳಲಿಲ್ಲ. ಕಟ್ಟಿದವರು ಇದೆಲ್ಲಕ್ಕೂ ಮೂಲನಾದವನತ್ತ ಕಣ್ಣೆತ್ತಲಿಲ್ಲವೆಂದು ಮರುಗಿದನು.

ಮುಂದೆ, ಕ್ರಿ.ಪೂ. 609ರ ಸುಮಾರಿಗೆ, ಯೆರೆಮೀಯನು ದೇವಾಲಯದ ಬಾಗಿಲಲ್ಲೇ ನಿಂತು ಅದಕ್ಕಿಂತ ಕಹಿಯಾದ ಸತ್ಯವನ್ನು ಸಾರಿದನು: ಅನಾಥರನ್ನೂ ವಿಧವೆಯರನ್ನೂ ಪರದೇಶಿಗಳನ್ನೂ ಹಿಂಸಿಸುವವರಿಗೆ ದೇವಾಲಯವು ಕೋಟೆಯಾಗಲಾರದು. ಜನರು ನಂಬಲಿಲ್ಲ. ಇಪ್ಪತ್ತೆರಡು ವರ್ಷಗಳೊಳಗೆ ಆ ದೇವಾಲಯ ಬೆಂಕಿಗೆ ಆಹುತಿಯಾಯಿತು.

ನಮ್ಮ ನಾಡಿಗೂ ಅಂಥ ಪರೀಕ್ಷೆಯ ಕಾಲ ಬಂದಿತ್ತು. 1876–78ರ ಮಹಾಕ್ಷಾಮದಲ್ಲಿ ಮಳೆಯಿಲ್ಲದೆ ಕೆರೆಗಳು ಬತ್ತಿದವು. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆಗ ಪ್ಯಾರಿಸ್ ವಿದೇಶೀ ಮಿಷನ್ನಿನ ಗುರುಗಳು ಅನಾಥ ಮಕ್ಕಳಿಗೆ ಆಶ್ರಯವಿತ್ತು, ಬೆಂಗಳೂರಿನ ಸುತ್ತಮುತ್ತ ಬೇಸಾಯದ ಹಳ್ಳಿಗಳನ್ನು ನೆಲೆಗೊಳಿಸಿದರು. ದೇವರಲ್ಲಿ ಇಟ್ಟ ಭರವಸೆ ಅಲ್ಲಿ ಗಂಜಿಯಾಗಿ, ಸೂರಾಗಿ, ಉಳುವ ನೆಲವಾಗಿ ಕಾಣಿಸಿತು.

ಇಂದು ಕೆರೆಗಳು ಹೂಳು ತುಂಬಿವೆ. ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿಗಳು ಇಳಿದಿವೆ. ಹಲವೆಡೆ ಮೇಲೆ ಬರುವ ನೀರಿನಲ್ಲಿ ಫ್ಲೋರೈಡು ವಿಪರೀತವಾಗಿದೆ. ಹಣವಿದ್ದವನು ಇನ್ನೂ ಆಳಕ್ಕೆ ಕೊರೆಸುತ್ತಾನೆ, ಪಕ್ಕದ ಬಡವನ ಬಾವಿ ಬತ್ತುತ್ತದೆ. ಯೆರೆಮೀಯನು ಕಂಡ ಬಿರುಕು ತೊಟ್ಟಿ ಇದಲ್ಲವೇ?

ನೂರು ವರ್ಷ ನಿಂತ ದೇವಾಲಯಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ. ಆದರೆ ನಮ್ಮ ಭರವಸೆಯನ್ನು ಅದರ ಗೋಡೆಗಳಲ್ಲಿ ಇಡದಿರೋಣ. ಅದರ ಬಾಗಿಲಿಗೆ ಬರುವ ಅನಾಥರಿಗೂ ವಿಧವೆಯರಿಗೂ ಪರಸ್ಥಳದ ಕೂಲಿಗಾರರಿಗೂ ಸಿಗುವ ನ್ಯಾಯದಲ್ಲಿ ನಮ್ಮ ವಿಶ್ವಾಸದ ಲೆಕ್ಕ ಸಿಗುವುದು.