ಬಯಲಿನಲ್ಲಿ ವಾದ್ಯವೃಂದ

ನಾದಕ್ಕೆ ಗೋಡೆ ಬೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಂಜೆ ಕಬ್ಬನ್ ಪಾರ್ಕಿಗೆ ಹೋಗಿಬನ್ನಿ. ಅಠಾರಾ ಕಚೇರಿಯ ಸಮೀಪದಲ್ಲಿ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಇದೆ. ಕಬ್ಬಿಣದ ಕಂಬಗಳು, ಮೇಲೊಂದು ಸೂರು, ಅಷ್ಟೆ.

1809ರಲ್ಲಿ ಇಂಗ್ಲಿಷರ ದಂಡು ಹಲಸೂರಿನ ಬಳಿ ಬೀಡುಬಿಟ್ಟಿತು. ಬೆಂಗಳೂರು ಎರಡಾಯಿತು: ಒಂದು ಪೇಟೆ, ಒಂದು ದಂಡು. ಇವೆರಡರ ನಡುವೆ 1870ರಲ್ಲಿ ಸ್ಯಾಂಕಿಯವರು ಈ ಉದ್ಯಾನವನ್ನು ನಿರ್ಮಿಸಿದರು. ಶನಿವಾರ ಸಂಜೆ ಬ್ರಿಟಿಷ್ ಸೇನೆಯ ಬ್ಯಾಂಡು ಇಲ್ಲಿ ನುಡಿಸುವ ವಾಡಿಕೆ ಬೆಳೆಯಿತು. ಊರನ್ನು ಇಬ್ಭಾಗ ಮಾಡಬಹುದು, ಕಹಳೆಯ ದನಿಯನ್ನು ಗಡಿಯಲ್ಲಿ ತಡೆಯುವುದು ಹೇಗೆ?

ಕಹಳೆಯೇ ಏಕೆ, ಪಿಟೀಲು ಏಕಲ್ಲ ಎನ್ನುತ್ತೀರಾ? ಸೋಮೇಶ್ವರನ ತೇರಿನ ಮುಂದೆ ನಾಗಸ್ವರ ನುಡಿಯುತ್ತದೆ. ವೀಣೆಯನ್ನು ಯಾರೂ ಬೀದಿಗೆ ತರುವುದಿಲ್ಲ. ತಂತಿಯ ದನಿ ಬಯಲಿನಲ್ಲಿ ಚದುರಿಹೋಗುತ್ತದೆ. ದಂಡಿನವರಿಗೂ ನಮ್ಮ ಹಿರಿಯರಿಗೂ ಈ ಗುಟ್ಟು ಒಂದೇ ರೀತಿ ತಿಳಿದಿತ್ತು.

ಆದರೆ ಗ್ರೀಕರು ಬಯಲನ್ನೇ ಪಳಗಿಸಿದರು. ಎಪಿಡಾರಸ್ ಎಂಬಲ್ಲಿ ಕ್ರಿಸ್ತಪೂರ್ವ 4ನೆಯ ಶತಮಾನದ ಕಲ್ಲಿನ ರಂಗಮಂದಿರವಿದೆ. ಬೆಟ್ಟದ ಇಳಿಜಾರಿನಲ್ಲಿ 55 ಸಾಲು ಮೆಟ್ಟಿಲು. ಕೆಳಗೆ ದುಂಡನೆಯ ಅಂಗಳ. ಆ ಅಂಗಳದ ಹೆಸರೇ ‘ಆರ್ಕೆಸ್ಟ್ರಾ’, ಅಂದರೆ ಕುಣಿಯುವ ನೆಲ! ನೆಲದ ಹೆಸರು ಮುಂದೆ ವಾದ್ಯವೃಂದಕ್ಕೆ ಬಂತು. 1960ರಲ್ಲಿ ಮರಿಯಾ ಕಲಾಸ್ ಅಲ್ಲಿ ‘ನೊರ್ಮ’ ಗೀತನಾಟಕ ಹಾಡಿದರು. ಮೆಟ್ಟಿಲುಗಳ ಏರಿಳಿತ ಜನರ ಗುಜುಗುಜನ್ನೂ ಗಾಳಿಯ ಮೊರೆತವನ್ನೂ ತಗ್ಗಿಸಿ, ಮೇಲಿನ ಸ್ವರಗಳನ್ನು ದಾಟಿಸುತ್ತದೆಂದು 2007ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ನಡುವಿನಲ್ಲಿ ಆಡಿದ ಪಿಸುಮಾತು ಕೊನೆಯ ಸಾಲಿಗೂ ಕೇಳಿಸುತ್ತದೆಂಬುದು ಮಾತ್ರ ಪ್ರವಾಸಿಗಳ ಕಟ್ಟುಕಥೆ. 2017ರಲ್ಲಿ ಡಚ್ ಸಂಶೋಧಕರು ಅಳೆದು ನೋಡಿ, ಅದು ಆಗದ ಮಾತೆಂದರು. ನನಗೇನೋ ಇದರಿಂದ ಆ ಕಲ್ಲುಕುಟಿಗರ ಮೇಲಿನ ಗೌರವ ಕಡಿಮೆಯಾಗಲಿಲ್ಲ.

ನಮ್ಮ ಬ್ಯಾಂಡ್‌ಸ್ಟ್ಯಾಂಡಿಗೆ ಅಂಥ ಮೆಟ್ಟಿಲುಗಳಿಲ್ಲ. ಸೂರು ದನಿಯನ್ನು ತಡೆದು ಹೊರಕ್ಕೆ ಮರಳಿಸುತ್ತದೆ. ಉಳಿದುದೆಲ್ಲ ವಾದಕರ ಉಸಿರು. 1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಬ್ರಿಟಿಷ್ ಪಡೆಗಳು ಹೊರಟುಹೋದವು. ಆಮೇಲೆ ಅದೇ ಮಂಟಪದಲ್ಲಿ ನಮ್ಮ ಗಾಯನ, ವಾದನಗಳೂ ನಡೆದಿವೆ, ಧ್ವನಿವರ್ಧಕಗಳ ನೆರವಿನಿಂದ. ಅದು ಬಂದುದರಿಂದ ವೀಣೆಗೂ ಬಯಲಿನಲ್ಲಿ ಎಡೆ ದೊರೆಯಿತು, ಸರಿಯೇ. ಆದರೆ ದನಿ ಬರುವುದು ಪೆಟ್ಟಿಗೆಯಿಂದ. ಪೆಟ್ಟಿಗೆಯ ದನಿ ನಿಮಗೆ ಮನೆಯಲ್ಲೇ ಇದೆಯಲ್ಲ!

ಹೋದಾಗ ಮಂಟಪ ಖಾಲಿಯಿದ್ದರೆ ಹತ್ತಿರ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಅನಂತರ ಮಕ್ಕಳಿಂದ ತಟ್ಟಿಸಿ, ನೀವು ಮರಗಳ ಕಡೆಗೆ ನಡೆಯುತ್ತ ಹೋಗಿ, ಎಲ್ಲಿಯವರೆಗೆ ಕೇಳಿಸುತ್ತದೆಂದು ಹೆಜ್ಜೆಯಿಂದ ಅಳೆಯಿರಿ.