ಮೋಟದ ಹಾಡಿನಿಂದ ಮೊಬೈಲ್ ಪೇಟಿತನಕ

ನೀರು ಎತ್ತುವ ಸಾಧನ ಬದಲಾದ ಕಥಿ ನಮ್ಮ ಭಾಗದ ಎಲ್ಲಾರಿಗೂ ಗೊತ್ತೈತಿ. ಮೋಟ ಹೋತು, ಇಂಜಿನ್ ಬಂತು. ಇಂಜಿನ್ ಹೋತು, ಕರೆಂಟಿನ ಮೋಟಾರು ಬಂತು. ಆದರೆ ಆ ಸಾಧನವನ್ನು ಚಾಲೂ ಮಾಡುವವರು ಯಾರು, ಬಂದ್ ಮಾಡುವವರು ಯಾರು, ನಡುವೆ ಅದರ ಮ್ಯಾಲೆ ಲಕ್ಷ್ಯ ಇಡುವವರು ಯಾರು, ಈ ಕಥಿ ಹೇಳುವವರು ಕಡಿಮಿ. ಈಗ ಮನ್ಯಾಗ ಕುಂತು ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಪೇಟಿಗಳು ಬಂದಾವ. ಯಾವ ಪೇಟಿ ತಗೊಳ್ಳಬೇಕು ಅಂತ ಕೇಳುವವರು ಬಹಳ ಮಂದಿ. ಹಿಂದಿನದು ತಿಳಿದರೆ ಮುಂದಿನದನ್ನು ಆರಿಸುವುದು ಹಗುರ ಆಗತೈತಿ. ಅದಕ್ಕೇ ಈ ನಾಕು ಮಾತು.

ಮೋಟ ಅಂದರೆ ತೊಗಲಿನ ದೊಡ್ಡ ಚೀಲ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಜಗ್ಗುತ್ತ ಇಳಿದರೆ ಚೀಲ ಮ್ಯಾಲೆ ಬಂದು ನೀರು ಸುರಿಯುತ್ತಿತ್ತು. ಮೋಟ ಹೊಡೆಯುವವ ಹಾಡುತ್ತಿದ್ದ. ಆ ಹಾಡು ಬರೇ ಬ್ಯಾಸರಾ ಕಳೆಯಲಿಕ್ಕೆ ಅಲ್ಲ. ಎತ್ತಿನ ಹೆಜ್ಜಿಗೆ ಅದೇ ತಾಳ. ದೂರ ಹೊಲದಾಗ ನೀರು ತಿರುವುವವನಿಗೆ ಅದೇ ಸುದ್ದಿ. ಹಾಡು ನಡೆದೈತಿ ಅಂದರೆ ನೀರು ಬರತೈತಿ, ಹಾಡು ನಿಂತಿತು ಅಂದರೆ ನೀರು ನಿಂತಿತು. ಬಾವಿಯ ತಳದಾಗ ರಾಡಿ ಕಂಡರೆ ಅವನೇ ಎತ್ತು ನಿಲ್ಲಿಸುತ್ತಿದ್ದ. ಚಾಲೂ ಮಾಡುವುದು, ನೋಡುವುದು, ಸುದ್ದಿ ಮುಟ್ಟಿಸುವುದು, ಬಂದ್ ಮಾಡುವುದು, ಈ ನಾಕೂ ಕೆಲಸ ಒಬ್ಬನ ಕೈಯಾಗ ಇದ್ದವು. ಈ ನಾಕನ್ನು ನೆನಪಿಡಿರಿ, ಮುಂದೆ ಬೇಕಾಗತಾವ.

ಯಂತ್ರಗಳ ಕಾಲಕ್ಕೆ ನಮ್ಮ ಸಾಂಗಲಿ ಜಿಲ್ಲೆಯೇ ಒಂದು ದೊಡ್ಡ ಹೆಸರು. ಬೆಳಗಾವಿ ಸೀಮಿಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ನೇಗಿಲ ಮಾಡಿದರು. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಾಗ ಕಾರ್ಖಾನೆ ಕಟ್ಟಿದರು. ಅದೇ ಇವತ್ತಿನ ಕಿರ್ಲೋಸ್ಕರವಾಡಿ. ನೇಗಿಲ, ಪಂಪು, ಇಂಜಿನ್ ಈ ಮನೆತನದ ಕಾರ್ಖಾನೆಗಳಿಂದ ಹಳ್ಳಿಹಳ್ಳಿಗೆ ಹೋದವು. ಇಂಜಿನ್ ಬಂದಾಗ ಹಾಡು ನಿಂತಿತು ಖರೆ, ಸಪ್ಪಳ ಉಳೀತು. ಊರಾಗ ಕುಂತವ ಸಪ್ಪಳದ ಮ್ಯಾಲೇ ಇಂಜಿನ್ ಸರಿ ನಡೆದೈತೋ, ಒಜ್ಜಿ ಬಿದ್ದೈತೋ ಹೇಳುತ್ತಿದ್ದ.

ಕರೆಂಟಿನ ಮೋಟಾರು ಬಂದು ಆ ಸಪ್ಪಳವನ್ನೂ ನುಂಗಿತು. ಬೋರಿನ ಮೋಟಾರು ನೂರಾರು ಫೂಟು ಕೆಳಗೆ ಇರತೈತಿ, ಕಣ್ಣಿಗೂ ಕಾಣೂದಿಲ್ಲ, ಕಿವಿಗೂ ಕೇಳೂದಿಲ್ಲ. ಹಿಂಗಾಗಿ ನೋಡುವ ಕೆಲಸವನ್ನು ಪೇಟಿಯೊಳಗ ಇಡಬೇಕಾತು. ಸಾದಾ ಪೇಟಿಯ ರಿಲೇ ಒಳಗ ಎರಡು ಬ್ಯಾರೆ ಬ್ಯಾರೆ ಲೋಹ ಬೆಸೆದ ಒಂದು ಸಣ್ಣ ಪಟ್ಟಿ ಇರತೈತಿ. ಕಾವು ಏರಿದರೆ ಒಂದು ಲೋಹ ಹೆಚ್ಚು ಹಿಗ್ಗತೈತಿ, ಇನ್ನೊಂದು ಕಡಿಮಿ. ಅದಕ್ಕೆ ಪಟ್ಟಿ ಬಾಗತೈತಿ. ಬಾಗಿದರೆ ಕರೆಂಟು ಕಡಿಯತೈತಿ. ಮೋಟಾರಿನ ಮ್ಯಾಲೆ ಭಾರ ಹೆಚ್ಚಾದಾಗ ಪೇಟಿ "ಟ್ರಿಪ್" ಆಗೂದು ಇದರಿಂದ.

ಈ ಪಟ್ಟಿಯ ಹಳೆ ನೆಂಟಸ್ತನ ಥಂಡಿ ದೇಶದ ಮನಿಗಳ ಜೋಡಿ ಐತಿ. ಅಮೇರಿಕಾದಾಗ ವಾರನ್ ಜಾನ್ಸನ್ ಎಂಬ ಮಾಸ್ತರರಿದ್ದರು. ಕೋಣೆ ಎಷ್ಟು ಬೆಚ್ಚಗೈತಿ ನೋಡಲು ಸಾಲಿಯ ಜವಾನ ಮತ್ತೆ ಮತ್ತೆ ವರ್ಗದೊಳಗ ಬರುತ್ತಿದ್ದ, ಆಮೇಲೆ ನೆಲಮಾಳಿಗೆಗೆ ಹೋಗಿ ಕಾವು ಹೆಚ್ಚುಕಡಿಮಿ ಮಾಡುತ್ತಿದ್ದ. ಪಾಠ ಕೆಡುತ್ತಿತ್ತು. 1883ರಲ್ಲಿ ಆ ಮಾಸ್ತರರು ಒಂದು ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದರು. ಕೋಣೆಯ ಕಾವು ಬದಲಾದರೆ ಅದು ಕೆಳಗೆ ಗಂಟಿ ಬಾರಿಸುತ್ತಿತ್ತು. ಅಂದರೆ ಮೊದಲು ಅದು ಮಾಡಿದ್ದು ಸುದ್ದಿ ಮುಟ್ಟಿಸುವ ಕೆಲಸ, ನಮ್ಮ ಮೋಟದ ಹಾಡಿನ ಕೆಲಸ!

ಕೊರಿಯಾದಲ್ಲಿ ಒಲಿಯ ಹೊಗಿಯನ್ನು ಕಲ್ಲಿನ ನೆಲದ ಕೆಳಗಿಂದ ಹಾಯಿಸಿ ಮನಿ ಬೆಚ್ಚಗಿಡುವ ರೂಢಿ ಬಹಳ ಹಳೇದು. ಅದಕ್ಕೆ ಒಂಡೋಲ್ ಅಂತಾರ. ಈಗ ಥಂಡಿ ದೇಶದವರು ನೆಲದೊಳಗ ಬಿಸಿನೀರಿನ ಪೈಪು ಹಾಕಿ, ಮೊಬೈಲಿನಿಂದ ಹತೋಟಿ ಮಾಡತಾರ. ಅವರಿಗೂ ಆರಿಸುವ ತ್ರಾಸ ಐತಿ. ದಪ್ಪ ನೆಲ ಕಾಯಲಿಕ್ಕೆ ತಾಸುಗಟ್ಟಲೆ ಬೇಕು, ಆರಲಿಕ್ಕೂ ತಾಸುಗಟ್ಟಲೆ ಬೇಕು. ಆದ್ದರಿಂದ ಥಂಡಿ ಹತ್ತಿದ ಮ್ಯಾಲೆ ಚಾಲೂ ಮಾಡುವ ಪೇಟಿ ಅಲ್ಲಿ ಉಪಯೋಗಿಲ್ಲ, ಮುಂಚೇನೇ ಚಾಲೂ ಮಾಡುವುದು ಬೇಕು. ಪೇಟಿಯನ್ನು ಅದರ ಚಂದ ನೋಡಿ ಆರಿಸಬಾರದು, ಅದು ನಡೆಸುವ ವಸ್ತುವಿನ ಗುಣ ನೋಡಿ ಆರಿಸಬೇಕು.

ನಮ್ಮಲ್ಲಿ ಇದನ್ನು ಮರೆತಿದ್ದಕ್ಕೆ ಏನಾತು ನೋಡಿರಿ. ಹೊಲದ ಲೈನಿಗೆ ಪಾಳಿಯಂತೆ ಕರೆಂಟು ಬರತೈತಿ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ನಡುರಾತ್ರಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಬಾವಿಗೆ ಹೋಗುವುದು ಯಾರಿಗೆ ಬೇಕು? ಅದಕ್ಕೆ "ಆಟೋ" ಬಂತು. ಕರೆಂಟು ಬಂದ ಕೂಡಲೆ ಮೋಟಾರು ತಾನೇ ಚಾಲೂ. ಚಾಲೂ ಮಾಡುವ ಕೆಲಸ ಅದಕ್ಕೆ ಬರುತ್ತಿತ್ತು, ನೋಡುವುದು, ಸುದ್ದಿ ಹೇಳುವುದು ಬರುತ್ತಿರಲಿಲ್ಲ. ಮೋಟಾರು ಶುರುವಾಗುವ ಗಳಿಗ್ಯಾಗ ನಡೆಯುವಾಗಿನ ಐದಾರು ಪಟ್ಟು ಕರೆಂಟು ಜಗ್ಗತೈತಿ. ಒಂದು ಡೀಪಿ ಮ್ಯಾಲಿನ ಎಲ್ಲಾ ಆಟೋಗಳು ಒಂದೇ ಗಳಿಗ್ಯಾಗ ಚಾಲೂ ಆದರೆ ಫ್ಯೂಜ್ ಹೋಗತಾವ, ಒಮ್ಮೊಮ್ಮೆ ಡೀಪಿಯೇ ಸುಡತೈತಿ. ಬ್ಯಾಸಗ್ಯಾಗ ಡೀಪಿ ಸುಟ್ಟು ದಿನಗಟ್ಟಲೆ ನೀರು ನಿಂತರೆ ಎಲಿತೋಟದವನ ಗತಿ ಏನು, ದ್ರಾಕ್ಷಿಯವನ ಗತಿ ಏನು? ವಿದ್ಯುತ್ ಕಂಪನಿಯವರು "ಆಟೋ ತಗೀರಿ, ಕೆಪ್ಯಾಸಿಟರ್ ಹಾಕಿರಿ" ಅಂತ ಹೇಳುತ್ತ ಬಂದದ್ದು ಇದಕ್ಕೇ.

ಆಮೇಲೆ ಬಂತು ಮೊಬೈಲ್ ಪೇಟಿ. ಪುಣೆಯ ಇಂಜಿನಿಯರ್ ಸಂತೋಷ ಓಸ್ತವಾಲರು ತಮ್ಮ ಅಜ್ಜ ಪಂಪು ಚಾಲೂ ಮಾಡಲು ಹೊಲಕ್ಕೆ ಅಲೆಯುತ್ತಿದ್ದ ಕಷ್ಟ ನೋಡಿದವರು. ಅವರು ಮಾಡಿದ "ನ್ಯಾನೋ ಗಣೇಶ" ಸಾಧನಕ್ಕೆ 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಇವತ್ತು ಇಂಥ ಪೇಟಿ ಮಾಡುವವರು ಬಹಳ ಮಂದಿ.

ಹಂಗಾದರೆ ಆರಿಸುವುದು ಹ್ಯಾಂಗ? ಮೋಟದವನ ನಾಕು ಕೆಲಸ ಇಟ್ಟು ತೂಗಿರಿ. ಒಂದು, ಚಾಲೂ ಮಾಡುವುದು: ಕರೆಂಟು ಬಂದ ಮ್ಯಾಲೆ ಕೆಲವು ನಿಮಿಷ ತಡೆದು ಚಾಲೂ ಮಾಡುವ ಸೋಯಿ ಇರಬೇಕು. ಒಂದು ಡೀಪಿಯ ಮಂದಿ ಕೂಡಿ ಕುಂತು, ನಿನ್ನದು ಎರಡು ನಿಮಿಷ, ನನ್ನದು ನಾಕು ನಿಮಿಷ ಅಂತ ಹಂಚಿಕೊಳ್ಳಬೇಕು. ಎರಡು, ನೋಡುವುದು: ಮೂರು ಫೇಸಿನಾಗ ಒಂದು ಹೋದರೆ, ವೋಲ್ಟೇಜ್ ಇಳಿದರೆ, ಬೋರಿನ ನೀರು ತೀರಿದರೆ ತಾನೇ ನಿಲ್ಲಬೇಕು. ಬೋರಿನ ಮೋಟಾರಿಗೆ ನೀರೇ ತಂಪು, ನೀರಿಲ್ಲದೆ ತಿರುಗಿದರೆ ಸುಡತೈತಿ. ಮೂರು, ಸುದ್ದಿ: ಚಾಲೂ ಆತೋ ಇಲ್ಲೋ, ಯಾಕೆ ನಿಂತಿತು, ತಿರುಗಿ ಹೇಳಬೇಕು. ಬಾವಿಯ ಹತ್ತಿರ ಯಾವ ಸಿಮ್ಮಿನ ರೇಂಜ್ ಬರತೈತಿ, ಮೊದಲೇ ಅಲ್ಲಿ ನಿಂತು ನೋಡಿರಿ. ನಾಕು, ಬಂದ್ ಮಾಡುವುದು: ಮೊಬೈಲ್ ಕೆಟ್ಟರೂ ಕೈಯಿಂದ ನಡೆಯುವ ಗುಂಡಿ ಇರಬೇಕು. ರಿಪೇರಿ ಮಾಡುವವ ಮಿರಜದಾಗ ಸಿಗಬೇಕು.

ಕಡೀ ಮಾತು ಎಲ್ಲಕ್ಕಿಂತ ದೊಡ್ಡದು. ಮೋಟದ ಕಾಲಕ್ಕೆ ಬಾವಿಯಾಗ ಇಳಿದವನಿಗೆ ಮ್ಯಾಲಿನ ಎತ್ತು ಕಾಣುತ್ತಿದ್ದವು, ಎತ್ತು ಹೊಡೆಯುವವನಿಗೆ ಕೆಳಗಿನವನ ದನಿ ಕೇಳುತ್ತಿತ್ತು. ಮೊಬೈಲಿಗೆ ಬಾವಿಯೊಳಗ ಮನುಷ್ಯ ಇದ್ದಾನೋ ಇಲ್ಲೋ ಗೊತ್ತಾಗೂದಿಲ್ಲ. ಮನ್ಯಾಗಿನ ಹುಡುಗ ಆಟಕ್ಕೆ ಗುಂಡಿ ಒತ್ತಿದರೂ ಮೋಟಾರು ತಿರುಗತೈತಿ. ಅದಕ್ಕೆ ಪೈಪಿಗೆ, ವಾಯರಿಗೆ ಕೈ ಹಚ್ಚುವ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಜ್ ಕಿತ್ತು ನಿಮ್ಮ ಕಿಸೆದಾಗ ಇಟ್ಟುಕೊಳ್ಳಿರಿ. ಮಾಸ್ತರರು ಇದನ್ನು ಸಾಲಿ ಮಕ್ಕಳಿಗೂ ಹೇಳಿಕೊಡಬೇಕು. ಪೇಟಿ ಎಷ್ಟೇ ಶಾಣ್ಯಾ ಇರಲಿ, ಫ್ಯೂಜ್ ಕಿಸೆದಾಗ ಇರೂತನಕ ಅದಕ್ಕೆ ಮೋಟಾರು ತಿರುಗಿಸಲಿಕ್ಕೆ ಬರೂದಿಲ್ಲ.